ಎಂಟು ಸಾವಿರದ ಇನ್ನೂರ ಆರನೆಯ ಸಾಲು

ಒಂದು ಬೋಗಿಯೆಂದರೆ ನನ್ನ ಮೇಜಿನ ಮೇಲೆ
ಹನ್ನೊಂದು ಸಾವಿರದ ನಾನೂರು ಸಾಲು.
ಚಕ್ರ, ಅಚ್ಚು, ಗಾಜು, ತಾಮ್ರದ ತಂತಿ,
ಸೀಟಿನೊಳಗಿನ ಸ್ಪಂಜು, ಸ್ಪಂಜನ್ನು ಹಿಡಿದ ಅಂಟು,
ಆ ಅಂಟಿನಿಂದ ಆವಿಯಾಗಿ ಹೋದದ್ದೆಷ್ಟು;
ಎಲ್ಲಕ್ಕೂ ಒಂದು ತೂಕ, ಹುಟ್ಟಿದ ಊರು,
ಕೊನೆಗೆ ಅದು ಕಾರಿದ ಹೊಗೆಗೊಂದು ಕಾಲಂ.

ಲೆಕ್ಕ ಮುಗಿದರೆ ಬಾಗಿಲ ಪಕ್ಕದಲ್ಲಿ
ಅಂಗೈಯಗಲದ ಹಸಿರು ಚೀಟಿ ಅಂಟಿಸುತ್ತಾರೆ.
ಅದನ್ನು ಯಾರೂ ಓದುವುದಿಲ್ಲ. ಯಾವುದೋ ಮಗು
ಉಗುರಿನಿಂದ ಅದರ ಮೂಲೆ ಕೆರೆಯುತ್ತದೆ, ಅಷ್ಟೆ.
ಆ ಚೀಟಿಯ ತೂಕವನ್ನೂ ಬರೆದಿದ್ದೇನೆ: ನಾಲ್ಕು ಗ್ರಾಂ.

ಎಂಟು ಸಾವಿರದ ಇನ್ನೂರ ಆರನೆಯ ಸಾಲು ಮಾತ್ರ ಖಾಲಿ.
ಬಾಗಿಲಿನ ರಬ್ಬರು ಪಟ್ಟಿ. ತಯಾರಕ: ವೆಂಡೆಲೀನ್ ಕುಬಾನ್,
ಸ್ತಾರಾ ಲ್ಯುಬೊವ್ನಾ. ನಾಲ್ಕು ಸಲ ಬರೆದೆ.
ಐದನೆಯದಕ್ಕೆ ಫೋನು ಬಂತು:
"ತಾಯೀ, ತೂಕ ಬೇಕಿದ್ದರೆ ಬಂದು ತೂಗಿಕೊಂಡು ಹೋಗಿ.
ನಿಮ್ಮ ಫಾರಂ ಓದಲು ನನಗೆ ಕನ್ನಡಕ ಸಿಗುತ್ತಿಲ್ಲ."

"ಬಿಟ್ಟುಬಿಡಿ ಒಟೀಲಿಯಾ," ಎಂದರು ಪರಿಶೀಲಕರು,
"ಶೇಕಡಾ ಒಂದಕ್ಕಿಂತ ಕಡಿಮೆಯಿದ್ದರೆ
ಬಿಡಬಹುದೆಂದು ನಿಯಮವೇ ಇದೆಯಲ್ಲ."
ಇದೆ. ಹದಿನಾರನೆಯ ಪುಟ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆದರೆ ಒಂದಕ್ಕಿಂತ ಕಡಿಮೆಯೆಂದು
ತೂಗದೆ ಹೇಗೆ ಗೊತ್ತಾಯಿತು?

ಪೊಪ್ರಾದ್‌ನಿಂದ ಬೆಳಗಿನ ಡೀಸೆಲ್ ಗಾಡಿ.
ಎರಡೇ ಡಬ್ಬಿ. ಏರಿನಲ್ಲಿ ಕೆಮ್ಮುತ್ತದೆ,
ತಿರುವಿನಲ್ಲಿ ಗೊಣಗುತ್ತದೆ.
ಹಸಿರು ಚೀಟಿಗಾಗಿ ಕರಿಹೊಗೆಯ ಸವಾರಿ.
ಈ ಹೊಗೆ ಯಾವ ಸಾಲಿಗೆ?
ಕೇಳಿದರೆ ಪರಿಶೀಲಕರು ಪುಟ ತಿರುವುತ್ತಾರೆ.

ಕೆಜ್ಮಾರೊಕ್‌ನಲ್ಲಿ ಗಾಡಿ ಸುಮ್ಮನೆ ನಿಂತಿತು.
ಹಳಿಯ ಪಕ್ಕ ಕಿತ್ತು ಪೇರಿಸಿದ ಹಳೆಯ ಸ್ಲೀಪರುಗಳು;
ಬಿಸಿಲಿಗೆ ಡಾಂಬರೆಣ್ಣೆ ಬೆವರಿ
ವಾಸನೆ ಕಿಟಕಿ ಹತ್ತಿ ಒಳಗೆ ಬಂತು,
ಅಪ್ಪ ಕೆಲಸ ಮುಗಿಸಿ ಬಂದ ಹಾಗೆ.

ಇಪ್ಪತ್ತಾರು ವರ್ಷ ಬೀಚ್ ಮರದ ದಿಮ್ಮಿಗಳನ್ನು
ಅದೇ ಎಣ್ಣೆಯಲ್ಲಿ ಅದ್ದಿ ತೆಗೆದವನು.
ಅವನ ದಿಂಬಿನ ಬಟ್ಟೆ ಬೇರೆಯೇ ಕುದಿಯುತ್ತಿತ್ತು.
ಇಗರ್ಜಿಯ ಬೆಂಚಿನಲ್ಲಿ ನಮ್ಮ ಪಕ್ಕ
ಯಾವಾಗಲೂ ಒಬ್ಬರು ಕೂರುವಷ್ಟು ಜಾಗ ಖಾಲಿ.
ದತ್ತಾಂಶದ ಕಣಜದಲ್ಲಿ ಒಂದು ರಾತ್ರಿ ಹುಡುಕಿದೆ:
ಎಣ್ಣೆಯದ್ದಿದ ಸ್ಲೀಪರು, ಒಂದಕ್ಕೆ,
ಮನುಷ್ಯರಿಗೆ ತಟ್ಟುವ ವಿಷ:
ಸೊನ್ನೆ, ಚುಕ್ಕೆ, ಸೊನ್ನೆ ಸೊನ್ನೆ ಸೊನ್ನೆ ಮೂರು.
ಇಡೀ ಯುರೋಪಿನ ಸರಾಸರಿ.
ಅದರೊಳಗೆ ಎಲ್ಲೋ ಒಂದು ದಿಂಬು.

ಕುಬಾನ್ ಬಳಿ ಇದ್ದದ್ದು ಅಡುಗೆಮನೆಯ ತಕ್ಕಡಿ,
ಕ್ರಿಸ್‌ಮಸ್ಸಿನ ರೊಟ್ಟಿಗೆ ಹೆಂಡತಿ ಗಸಗಸೆ ತೂಗುವುದು.
ತೋಳಿನಿಂದ ತಟ್ಟೆ ಒರೆಸಿದರು.
ಒಂಬತ್ತು ಮೀಟರ್ ಪಟ್ಟಿ ಕೇರೆಹಾವಿನಂತೆ
ಎರಡೂ ಕಡೆ ಜಾರಿ ನೆಲ ಮುಟ್ಟಿತು;
ಸುತ್ತಿ, ಇಬ್ಬರೂ ಹಿಡಿದು, ಒಮ್ಮೆಲೇ ಕೈಬಿಟ್ಟೆವು.
ಎರಡು ಕಿಲೋ ಮುನ್ನೂರ ನಲವತ್ತು.

"ಇದನ್ನು ಬರೆದರೆ?"
ಚೀಟಿ ಸಿಗುತ್ತದೆ ಎಂದೆ.
"ಬರೆಯದಿದ್ದರೆ?"
ಆಗಲೂ ಸಿಗುತ್ತದೆ.
ಮುದುಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು.
ಚಹಾ ಲೋಟ ಕೊಟ್ಟ ಅಂಗೈಯ ಗೆರೆಗಳಲ್ಲಿ
ರಬ್ಬರಿಗೆ ಬೆರೆಸುವ ಕಾಡಿಗೆಪುಡಿ.
"ಸೋಪಿಗೆ ಬಗ್ಗುವುದಿಲ್ಲ," ಎಂದರು.
ಗೊತ್ತು, ಎಂದೆ.

ಹಿಂದಿರುಗುವ ಗಾಡಿಯಲ್ಲಿ ನೋಟ್‌ಬುಕ್ ತೆರೆದರೆ
ಮಡಿಕೆಯಲ್ಲಿ ಒಂದು ಗಸಗಸೆ ಕಾಳು.
ಊದಲಿಲ್ಲ. ಪುಟ ಮೆಲ್ಲಗೆ ಮುಚ್ಚಿದೆ.

ಮರುದಿನ ಅಂಕಿ ತುಂಬಿ, ಷರಾ ಎಂಬ ಕಾಲಮಿನಲ್ಲಿ
ಯಾರೂ ಓದದ ಅಕ್ಷರದಲ್ಲಿ ಹೀಗೆ ಬರೆದೆ:
ಸ್ಥಳದಲ್ಲೇ ತೂಗಿದ್ದು. ಸಾಕ್ಷಿ ಇಬ್ಬರು.
ಹೆಚ್ಚುಕಡಿಮೆ: ಒಂದು ಗಸಗಸೆ ಕಾಳು.