ಎಡಮೂಲೆಯ ತಾರೀಖು

ದುರ್ಗದ ಸರ್ಕಾರಿ ಹೈಸ್ಕೂಲು, ವಿಜ್ಞಾನದ ಕೋಣೆ.
ಕಿಟಕಿಯಾಚೆ ಬಂಡೆಯ ಮೇಲೆ ಬಂಡೆ, ಅದರ ಮೇಲೆ ಕೋಟೆ,
ಇನ್ನೂ ಆಚೆ ಗಾಳಿಗಿರಣಿಗಳ ಬಿಳಿ ತೋಳು.
ಒಳಗೆ, ಕರಿಹಲಗೆಯ ಎಡಮೂಲೆಯಲ್ಲಿ
ಗೇಣಗಲದ ಒಂದು ಚೌಕ ನನ್ನದು.
ಪ್ರಾರ್ಥನೆಯ ಗಂಟೆಗೆ ಮುಂಚೆ ಬರೆದಿಡುತ್ತೇನೆ,
ಇಂದು ಯಾರು, ಇಂದು ಏನು.

ಜನವರಿ ಏಳು: ಗುರುಗ್ರಹದ ಮಗ್ಗುಲಲ್ಲಿ ಮೂರು ಚುಕ್ಕಿ ಕಂಡ ರಾತ್ರಿ.
ಡಿಸೆಂಬರ್ ಇಪ್ಪತ್ತೆರಡು: ಹೆಂಡತಿಯ ಕೈಯೊಳಗಿನ ಮೂಳೆ
ಗಾಜಿನ ಮೇಲೆ ಮೂಡಿತು, ಉಂಗುರ ಹಾಗೇ ಇತ್ತು.
ಫೆಬ್ರವರಿ ಇಪ್ಪತ್ತೆಂಟು: ಬಣ್ಣ ಬದಲಿಸಿ ಬಂದ ಬೆಳಕು.
ಇದೊಂದಕ್ಕೆ ಮಾತ್ರ ಇಲಾಖೆಯ ಸುತ್ತೋಲೆ, ಭಾಷಣ, ಬಾಳೆಹಣ್ಣು.

ಸಂಜೆ ನಾಲ್ಕೂವರೆಗೆ ಪಾಲಮ್ಮ ಬರುತ್ತಾಳೆ,
ಲ್ಯಾಬಿನ ಅಟೆಂಡರು, ಚಳ್ಳಕೆರೆ ಕಡೆಯ ಹಟ್ಟಿಯವಳು.
ಒದ್ದೆ ಬಟ್ಟೆಯ ನಾಕು ಬೀಸಿಗೆ ಇಡೀ ದಿನ ಹೋಗುತ್ತದೆ.
ಒರೆಸುವ ಮುಂಚೆ ಓದುತ್ತಾಳೆ, ತುಟಿಯಲ್ಲೇ.

ನವೆಂಬರ್ ಏಳರಂದು ಬಟ್ಟೆ ನಿಂತಿತು.
"ಇವತ್ತು ಮೂರು ಹೆಸರು ಅದಾವಲ್ಲ ಮೇಡಂ?"
ಒಂದೇ ತಾರೀಖು, ಮೂರು ತೊಟ್ಟಿಲು, ಅಂದೆ.
ವಾರ್ಸಾದಲ್ಲಿ ಮೇರಿ, ತಿರುಚಿರಾಪಳ್ಳಿಯಲ್ಲಿ ರಾಮನ್,
ವಿಯೆನ್ನಾದಲ್ಲಿ ಲೀಸ ಮೈಟ್ನರ್.
ಕೊನೆಯವಳದು ಸ್ವಲ್ಪ ತಕರಾರು,
ದಫ್ತರದಲ್ಲಿ ಹದಿನೇಳು ಅಂತ ಇದೆ.
ಪಾಲಮ್ಮ ನಕ್ಕಳು: "ಅಲ್ಲೂ ನಮ್ಮ ಹೆಡ್ಮೇಷ್ಟ್ರೇ ಇದ್ರಾ?"

ಇದ್ದರೇನೋ.
ಬಲಗೈ ನೆತ್ತಿ ಹಾಯ್ದು ಎಡಗಿವಿ ಮುಟ್ಟಿದರೆ ಆರು ವರ್ಷ,
ಅದು ಅವರ ಅಳತೆಗೋಲು. ತಾರೀಖು ಕೇಳಿದರೆ ಜೂನ್ ಒಂದು.
ಹಳೆಯ ದಾಖಲಾತಿ ಪುಸ್ತಕ ತೆಗೆದು ನೋಡಿ,
ಅರ್ಧ ತಾಲೂಕು ಒಂದೇ ದಿನ ಹುಟ್ಟಿದೆ,
ಸೂಲಗಿತ್ತಿಯರಿಗೆ ಉಸಿರಾಡಲು ಬಿಡುವಿಲ್ಲದಂತೆ.
ನ್ಯೂಟನ್ನನಿಗೂ ಎರಡಿವೆ, ಹೇಳಿದೆ:
ಅವನೂರಲ್ಲಿ ಕ್ರಿಸ್‌ಮಸ್ಸು, ನಮ್ಮ ಲೆಕ್ಕಕ್ಕೆ ಜನವರಿ ನಾಲ್ಕು.
"ಹಂಗಾರೆ ನಂದೊಂದು ದೊಡ್ಡ ವಿಷ್ಯ ಅಲ್ಲ ಬಿಡ್ರಿ."

ನಿಮ್ಮವ್ವ ಏನಂತಾಳೆ ಪಾಲಮ್ಮ?

"ಅವ್ಳದೇನು ಲೆಕ್ಕ. ಶನಿವಾರ, ಅಮಾಸಿ ಅಂತಾಳೆ.
ಹಗಲೊತ್ನಾಗೇ ಮಬ್ಬಾತಂತೆ, ಕೋಳಿ ಗೂಡು ಸೇರಿದ್ವಂತೆ.
ಸೂಲಗಿತ್ತಿ ಹೊಸ್ತಿಲು ದಾಟಲ್ಲ ಅಂತ ಕುಂತ್ಳಂತೆ.
ಉಗುರಿನಷ್ಟೇ ಸೂರ್ಯ ಉಳಿದಿದ್ದ, ಆಗ ನೀನು, ಅಂತಾಳೆ."

ಉಗುರಿನಷ್ಟು.
ಅವಳ ಅವ್ವ ಗ್ರಹಣವನ್ನು ನೋಡಬಾರದಿತ್ತು, ನೋಡಿದ್ದಳು.
ಚಂದ್ರನ ನೆರಳು ಅಂಕೋಲೆಯಲ್ಲಿ ದಡ ಹತ್ತಿ
ಹುಬ್ಬಳ್ಳಿ ದಾಟಿ ರಾಯಚೂರಿನತ್ತ ಓಡಿದ ಮಧ್ಯಾಹ್ನ,
ನಮ್ಮ ಸೀಮೆ ಅದರ ಸೆರಗಿನಿಂದ ತುಸು ಹೊರಗುಳಿದಿತ್ತು.
ಅದಕ್ಕೇ ಆ ಉಗುರು.
ಎಂಬತ್ತನೇ ಇಸವಿ, ಫೆಬ್ರವರಿ ಹದಿನಾರು,
ಮೂರೂವರೆ ದಾಟಿದ ಹೊತ್ತು. ಕಾಗದದಲ್ಲಿ ನೀನು
ಎಂಟೂವರೆ ತಿಂಗಳು ದೊಡ್ಡವಳು, ಅಂದೆ.

ಹಿಗ್ಗುತ್ತಾಳೆಂದುಕೊಂಡಿದ್ದೆ.
ಬಟ್ಟೆ ಹಿಂಡುತ್ತ ಕೇಳಿದಳು,
"ಪೆನ್ಷನ್ನಿಗೇನೂ ತೊಂದ್ರೆ ಆಗಂಗಿಲ್ಲ ಅಲ್ವಾ?"

ಫೆಬ್ರವರಿ ಬಂತು. ಹದಿನಾರರ ಬೆಳಿಗ್ಗೆ
ಎಡಮೂಲೆಯಲ್ಲಿ ಬರೆದೆ: ಸೂರ್ಯಗ್ರಹಣ. ಪಾಲಮ್ಮ.
ಹತ್ತನೇ ಕ್ಲಾಸಿನವರು ನೋಟ್ಸಿಗೆ ಇಳಿಸಿಕೊಂಡರು,
ಒಬ್ಬ ಮಾತ್ರ ಕೈಯೆತ್ತಿ, ಇದು ಪರೀಕ್ಷೆಗೆ ಬರುತ್ತಾ ಅಂದ.

ನಾಲ್ಕೂವರೆಗೆ ಅವಳು ಬಂದಳು. ಓದಿದಳು.
ತುಟಿ ಈ ಸಲ ತುಸು ಹೆಚ್ಚು ಹೊತ್ತು ಆಡಿತು.
ಆಮೇಲೆ ಎಂದಿನಂತೆ ಮೇಲಿನಿಂದ ಕೆಳಕ್ಕೆ
ಒರೆಸಿಬಿಟ್ಟಳು, ಎಡಮೂಲೆಯನ್ನೂ.
ಇರಲಿ ಬಿಡಬಾರದಾ, ಅಂದೆ.
"ನಾಳೆ ಇನ್ನೊಬ್ರು ಬರ್ತಾರಲ್ಲ ಮೇಡಂ. ಯಾರು?"

ನಾಳೆ ಹುಟ್ಟಿದ ದಿನವಲ್ಲ ಪಾಲಮ್ಮ, ಸುಟ್ಟ ದಿನ.
ಚುಕ್ಕಿಗಳೂ ಸೂರ್ಯರೇ ಎಂದಿದ್ದ ಬ್ರೂನೋ ಅಂತ ಒಬ್ಬನನ್ನು
ರೋಮಿನ ಚೌಕದಲ್ಲಿ ಕಟ್ಟಿ.

ಅವಳು ಬಕೆಟ್ಟಿಗೆ ಬಟ್ಟೆ ಅದ್ದಿದಳು.
ಅದೇ ಗೇಣಗಲದ ಚೌಕವನ್ನು
ಇನ್ನೊಂದು ಸಲ ಒರೆಸಿದಳು, ನಿಧಾನಕ್ಕೆ,
ಹಲಗೆಯ ಕಪ್ಪು ಹೊಳೆಯುವ ತನಕ.