ನೀರು ಬಿಟ್ಟ ನೆಲ

ಎರಡನೇ ವರ್ಷ, ಮೂರನೇ ಪತ್ರಿಕೆ: ಭೂಕಾನೂನು ಮತ್ತು ಆಸ್ತಿರಚನೆ.
ನವೆಂಬರಿನ ಬೆಳಗು ಎಂಟೂವರೆ. ಕಿಟಕಿಯಾಚೆ
ಇನ್ನೂ ಇರುಳಿನದೇ ಸ್ವಾಧೀನ.
ಪ್ರೊಫೆಸರ್ ತೆಲ್ಲೆರ್ವೊ ಹಲಗೆಗೊಂದು ಗೆರೆ ಎಳೆದು
'ಇದು ದಡ' ಎಂದರು. ಅಂಗೈಯಿಂದ ಅರ್ಧ ಒರೆಸಿ
ಪಕ್ಕದಲ್ಲಿ ಇನ್ನೊಂದು ಎಳೆದರು.
'ಇದೂ ದಡವೇ. ನಡುವೆ ನೂರು ವರ್ಷ ಆಗಿದೆ, ಅಷ್ಟೆ.'

ಲಾಹ್ತಿಯಿಂದ ಬಂದ ಇಲ್ಮೊ ನಕ್ಕ. ಅವನ ಊರಿನಲ್ಲಿ
ನೆಲ ಎಂದರೆ ಇಟ್ಟಲ್ಲಿ ಇರುವ ವಸ್ತು.
ನಮ್ಮ ಕಡೆ, ವಾಸಾದ ದ್ವೀಪಸಾಲಿನಲ್ಲಿ, ನೆಲ ಏಳುತ್ತದೆ:
ವರ್ಷಕ್ಕೆ ಕಿರುಬೆರಳ ಉಗುರಿನಷ್ಟು.
ಬೆನ್ನಮೇಲಿದ್ದ ಹಿಮದ ಹೊರೆ ಇಳಿದು
ಸಾವಿರಾರು ವರ್ಷ ಕಳೆದರೂ
ಕೂಲಿಯವನು ಮೂಟೆ ಇಳಿಸಿದ ಮೇಲೆ
ಸೊಂಟಕ್ಕೆ ಕೈಕೊಟ್ಟು ನಿಧಾನ ನೆಟ್ಟಗಾಗುವ ಹಾಗೆ
ಏಳುತ್ತಲೇ ಇದೆ.

ಹಾಗೆ ಎದ್ದ ನೆಲ ಯಾರದು? ಹನ್ನೆರಡು ಅಂಕ.

ಉತ್ತರ ನನಗೆ ಬಾಯಿಪಾಠ.
ಎದುರಿನ ದಡದ ಮನೆಯವನದಲ್ಲ,
ಅಲ್ಲಿದ್ದ ನೀರು ಯಾರದಾಗಿತ್ತೋ ಅವರದು.
ನೀರು ಊರೊಟ್ಟಿನದು. ಅದು ಹಿಂದೆ ಸರಿದರೂ
ಕೂತೆದ್ದ ಜಾಗದ ಹಕ್ಕು ಬಿಟ್ಟುಕೊಟ್ಟಿಲ್ಲ.
ದಾಖಲೆಯ ಚಕ್ಕುಬಂದಿಯಲ್ಲಿ ಅದು ಇವತ್ತಿಗೂ ನೀರೇ;
ಆ ನೀರಿನ ಮೇಲೆ ಬರ್ಚ್ ಮರಗಳು ಬೆಳೆದಿವೆ.

ಬಾಂದು, ಪೋಡಿ, ದಾರಿಹಕ್ಕು, ಹಿಸ್ಸೆ:
ಒಂದೊಂದೇ ಪದ ಕಲಿತೆ. ಮಗುವಿಗೆ
ಹುಟ್ಟಿ ಹನ್ನೊಂದು ದಿನವಾದ ಮೇಲೂ ಹೆಸರಿಡಬಹುದು,
ಆಸ್ತಿಗೆ ಮಾತ್ರ ಸಂಖ್ಯೆ ಬಿದ್ದ ಗಳಿಗೆಯೇ ಜನ್ಮ.
ಅಲ್ಲಿಯವರೆಗೆ ಎಷ್ಟೇ ಗಟ್ಟಿಯಾಗಿ ಕಾಲಿಗೆ ತಾಗಿದರೂ
ಅದು ಇನ್ನೂ ಹುಟ್ಟಿಲ್ಲ.

ಅಜ್ಜ ರುನಾರ್ ದೋಣಿಮನೆ ಕಟ್ಟಿದಾಗ
ಅಲೆ ಹೊಸ್ತಿಲು ನೆಕ್ಕುತ್ತಿತ್ತಂತೆ.
ಈಗ ದೋಣಿಯನ್ನು ನಲವತ್ತು ಹೆಜ್ಜೆ ಎಳೆಯಬೇಕು.
ಆ ನಲವತ್ತು ಹೆಜ್ಜೆಯಲ್ಲಿ ಅವನು ಮೊದಲು ಹುಲ್ಲು ಕೊಯ್ದ,
ಆಮೇಲೆ ಕಡಲಪಾಚಿ ಹೂತು ಆಲೂಗಡ್ಡೆ ಹಾಕಿದ.

ಬೇಸಿಗೆ ರಜೆಗೆ ಹೋದವಳು, ಕಲಿತ ಬಾಯಿ, ಸುಮ್ಮನಿರಲಿಲ್ಲ.
'ಅಜ್ಜಾ, ಇದು ನಿನ್ನದಲ್ಲ. ನಲವತ್ತೇಳು ಜನ ಪಾಲುದಾರರು.
ನೀನು ಕೊಳ್ಳಬಹುದು, ಸರ್ವೆಯವರನ್ನು ಕರೆಸಿ, ದುಡ್ಡು ಕಟ್ಟಿ.'
ಅವನು ಗುದ್ದಲಿಗೆ ಅಂಟಿದ ಮಣ್ಣು ಕೆರೆಯುತ್ತ ಕೇಳಿದ:
'ಅಂದರೆ ಹತ್ತೊಂಬತ್ತು ವರ್ಷ
ನಾನು ನೀರಿನಲ್ಲಿ ಆಲೂಗಡ್ಡೆ ಬೆಳೆದೆನಾ?'
'ಕಾನೂನಿನ ಪ್ರಕಾರ, ಹೌದು.'

ರಾತ್ರಿ ಬೇಯಿಸಿ, ಸಬ್ಬಸಿಗೆ ಉದುರಿಸಿ
ನನ್ನ ತಟ್ಟೆಗೆ ಬಡಿಸಿದ: 'ತಗೋ, ಮೀನು.'
ನಗಲಿಲ್ಲ. ನಾನೂ ನಗಲಿಲ್ಲ. ಬೆಣ್ಣೆ ಕರಗಿತು.

ಮರುದಿನ ಬಕೆಟ್ಟು ಹಿಡಿದು ಮನೆಮನೆಗೆ ಹೊರಟ.
ಅಲ್ಫೋನ್ಸನ ಹಿಸ್ಸೆಗೆ ಒಂದೂವರೆ ಗಡ್ಡೆ ಬಂತು;
ಮೂವತ್ತು ವರ್ಷ ಮಾತುಬಿಟ್ಟಿದ್ದ ಅಲ್ಫೋನ್ಸ,
ಬಲೆ ಕತ್ತರಿಸಿದ್ದು ಯಾರು ಎಂಬ ವಿಷಯಕ್ಕೆ.
ಚಾಕುವಿನಿಂದ ಸರಿಯಾಗಿ ಎರಡು ಹೋಳು ಮಾಡಿ
ಹೊಸ್ತಿಲ ಮೇಲಿಟ್ಟು ಬಂದನಂತೆ ಅಜ್ಜ.
ಸಂಜೆ ಅಲ್ಫೋನ್ಸ ಉಳಿದರ್ಧ ಕೇಳಿಕೊಂಡು ಬಂದ.
ಕುಳಿತ. ಎದ್ದುಹೋಗುವಾಗ ಹನ್ನೊಂದಾಗಿತ್ತು, ಬೆಳಕಿತ್ತು.

'ಕೊಳ್ಳುವುದಿಲ್ಲ' ಎಂದ ಅಜ್ಜ. 'ನಾನು ಕೊಂಡಷ್ಟೂ
ಅದು ಏಳುತ್ತದಲ್ಲ, ಎಷ್ಟು ಸಲ ಕೊಳ್ಳಲಿ?'
ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಅಥವಾ ಇದೆ,
ಅಡಿಟಿಪ್ಪಣಿಯಲ್ಲಿ, ನಾನು ಓದಿಲ್ಲ.

ಡಿಸೆಂಬರಿನಲ್ಲಿ ಪರೀಕ್ಷೆ, ಮೂರು ಗಂಟೆ.
ಹನ್ನೆರಡು ಅಂಕದ್ದು ಬಂದೇ ಬಂತು.
'ಊರೊಟ್ಟಿನ ಪಾಲುದಾರರದು' ಎಂದು ಬರೆದೆ,
ಕಾರಣ ಕೊಟ್ಟೆ, ಚಿತ್ರ ಬಿಡಿಸಿದೆ, ದಡಕ್ಕೆ ಎರಡು ಗೆರೆ.
ಇನ್ನೂ ಹೊತ್ತಿತ್ತು. ಈ ಮೂರು ಗಂಟೆಯಲ್ಲಿ
ನಮ್ಮ ದಡ ಎಷ್ಟು ಎದ್ದಿರಬಹುದು? ಕೂದಲೆಳೆಯ
ಇಪ್ಪತ್ತರಲ್ಲಿ ಒಂದು ಪಾಲು, ಅಷ್ಟೂ ಇಲ್ಲ.
ಅದರಲ್ಲಿ ಅಲ್ಫೋನ್ಸನ ಹಿಸ್ಸೆ ಎಷ್ಟೆಂದು
ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕುತ್ತಿದ್ದೆ,
ಗಂಟೆ ಬಾರಿಸಿತು.