ಮುಯ್ಯಿ ಕಡತ

ತುರುವನೂರಿನ ಮನೆಯ ಅಟ್ಟದಲ್ಲಿ
ಹುರುಳಿ ಗುಡಾಣದ ಹಿಂದೆ ಸಿಕ್ಕಿತು:
ಹುಣಸೆಬೀಜದ ಸರಿ, ಇದ್ದಿಲ ಪುಡಿ
ಕುಡಿದು ಕುಡಿದು ಗಟ್ಟಿಯಾದ ಬಟ್ಟೆ,
ಮಡಿಕೆ ಮೇಲೆ ಮಡಿಕೆ ಕೂತ ಕಡತ.
ಬಿಚ್ಚಿದರೆ ಒಂದು ಮಾರುದ್ದ ಕತ್ತಲೆ,
ಅದರೊಳಗೆ ಅಲ್ಲಲ್ಲಿ ಬಳಪದ ಬಿಳಿ.

ಮುತ್ತಜ್ಜನ ಅಪ್ಪ ಮುದ್ದವೀರಪ್ಪ,
ಪ್ಲೇಗಿಗೂ ಮುಂಚಿನ ಮಾತು,
ಚಪ್ಪರದ ಬಾಯಲ್ಲಿ ಕಂಬಳಿ ಹಾಸಿ ಕೂತು
ಬಂದವರ ಮುಯ್ಯಿ ಕೂಗಿ ಕೂಗಿ ಬರೆದದ್ದು.
ಅಕ್ಕಿ, ಬೆಲ್ಲ, ಕುಪ್ಪಸದ ಕಣ, ಎರಡಾಣೆ.
ಯಾವುದೂ ದಾನವಲ್ಲ.
ಇವತ್ತು ನಮ್ಮ ಹುಡುಗನಿಗೆ ಒಂದು ಸೇರು,
ನಾಳೆ ನಿಮ್ಮ ಹುಡುಗಿಗೆ ಅದೇ ಸೇರು,
ಮೇಲೊಂದು ಹಿಡಿ.
ಆ ಹಿಡಿ ಇರದಿದ್ದರೆ ನೆಂಟಸ್ತನ ಅಲ್ಲಿಗೇ ಸಮ.

ತೀರಿದ್ದನ್ನು ಹೆಬ್ಬೆರಳು ಒದ್ದೆ ಮಾಡಿ ಒರೆಸುವುದು.
ಹಾಗಾಗಿ ನನ್ನ ಕಣ್ಣಿಗೆ ಬಿದ್ದವರು
ಯಾರಿಗೆ ನಾವು ತೀರಿಸಲಿಲ್ಲವೋ ಅವರು ಮಾತ್ರ.
ನೆಟ್ಟಗೆ ಬಾಳಿದ ನೂರಾರು ನೆಂಟರು
ಒಂದೇ ಒಂದು ಬೂದು ಕಲೆ.

ಕುಂಬಾರ ಮೈಲಾರಪ್ಪ, ಐರಾಣಿ ಗಡಿಗೆ ಐದು.
ಪಿಂಜಾರ ಹುಸೇನಪ್ಪ, ಹಿಂಜಿದ ಹತ್ತಿ, ಎರಡು ದಿಂಬಿನಷ್ಟು.
(ಆ ದಿಂಬಿಗೆ ತಲೆ ಕೊಟ್ಟವರ ಮರಿಮಗಳು ನಾನು,
ಹುಸೇನಪ್ಪನ ಮನೆ ಯಾವ ಓಣಿ, ಗೊತ್ತಿಲ್ಲ.)
ಜಗಳೂರಿನ ಸೋದರಮಾವ, ಬರಲಿಲ್ಲ.
ಬರಲಿಲ್ಲ ಎಂಬುದನ್ನೂ ಬರೆದಿಟ್ಟಿದ್ದಾನೆ ಮುದುಕ!
ಮುಯ್ಯಿ ಎಂದರೆ ಉಡುಗೊರೆ, ಮುಯ್ಯಿ ಎಂದರೆ ಸೇಡು,
ಎರಡಕ್ಕೂ ಒಂದೇ ಬಳಪ.

ಕೊನೆಯ ಮಡಿಕೆಯಲ್ಲಿ:
ಸೂರವ್ವ, ಒಡಪು ಒಂದು.

ಅಜ್ಜಿಗೆ ಕಥೆ ಗೊತ್ತಿತ್ತು.
ಅವತ್ತು ದಿಬ್ಬಣ ಇಳಿದು, ಹೊಸಿಲ ಮುಂದೆ ಗುರುಸಿದ್ದವ್ವ,
ಹದಿಮೂರು ವರ್ಷ, ಬಾಸಿಂಗದ ಭಾರಕ್ಕೆ ಬಾಗಿದ ಕುತ್ತಿಗೆ.
ನಾದಿನಿ ಎರಡೂ ಕೈ ಚಾಚಿ ಬಾಗಿಲು ತಡೆದಳು:
"ನಮ್ಮಣ್ಣನ ಹೆಸರು ಹೇಳು, ಆಮೇಲೆ ಒಳಗೆ."
ಹಾಗೇ ಹೇಳುವಂತಿಲ್ಲ, ಕಟ್ಟಿ ಹೇಳಬೇಕು.
ಹುಡುಗಿಯ ನಾಲಗೆ ಒಣಗಿ ಅಂಗುಳಕ್ಕೆ ಅಂಟಿತು.
ಹೆಂಗಸರು ನಕ್ಕರು. ಸೊಡರು ಒಮ್ಮೆ ಹೊಯ್ದಾಡಿತು.

ಆಗ ಪಕ್ಕದ ಕೊಟ್ಟಿಗೆಯ ಬೆಳಕಿಂಡಿಯಿಂದ,
ಎತ್ತಿನ ಉಸಿರಿನ ನಡುವೆ, ಇನ್ನೊಂದು ಉಸಿರು.
ಚಪ್ಪರಕ್ಕೆ ಬರಬಾರದ ಸೂರವ್ವ,
ಬೋಳು ಹಣೆಗೆ ಸೆರಗೆಳೆದು,
ಒಂದೊಂದೇ ಮಾತು ದಾಟಿಸಿದಳು,
ಹುಡುಗಿ ಒಂದೊಂದೇ ಎತ್ತಿ ಆಡಿದಳು:

"ಎಳ್ಳ ಹೊಲದಾಗೆ ಬೆಳ್ಳಕ್ಕಿ ಸಾಲು,
ಕರಿಬಸಪ್ಪರ ಗಂಗಾಳದಾಗೆ ನನ್ನ ಪಾಲು."

ಬಾಗಿಲು ಬಿಟ್ಟಿತು. ಸೇರಕ್ಕಿ ಉರುಳಿತು.
ಮುದ್ದವೀರಪ್ಪನ ಕಿವಿ ಚುರುಕು.
ಯಾರಿಗೂ ಹೇಳದೆ ಕಡತಕ್ಕೆ ಏರಿಸಿದ.

ತೀರಿಸುವುದು ಹೇಗೆ?
ಅವಳಿಗೆ ಮಕ್ಕಳಿಲ್ಲ, ಆ ಮನೆಯಲ್ಲಿ ಚಪ್ಪರ ಏಳುವುದಿಲ್ಲ.
ಗುರುಸಿದ್ದವ್ವ ಕಾದಳು. ಏಳು ಹೆತ್ತಳು, ಮೂರು ಮಣ್ಣಿಗಿಟ್ಟಳು.
ಮುದ್ದವೀರಪ್ಪ ಹೋದ. ಅವಳ ಕೂದಲೂ ನರೆಯಿತು.
ಒಂದು ಸಂಜೆ ಬಾವಿಯಿಂದ ಬಂದ ಸೂರವ್ವ
ತನ್ನ ಬಾಗಿಲಿಗೆ ಅಡ್ಡ ನಿಂತ ಎರಡು ಕೈ ಕಂಡಳು.
"ಹೆಸರು ಹೇಳು, ಆಮೇಲೆ ಒಳಗೆ."

ಮೊದಲು ಬೈದಳಂತೆ, ಕಿವಿ ಮುಚ್ಚುವ ಹಾಗೆ.
"ಕೊಡ ಭಾರ ಐತೆ, ಸರಿ ಅತ್ತಾಗೆ."
ಇವಳು ಸರಿಯಲಿಲ್ಲ.
ಕೊಡ ಸೊಂಟದಿಂದ ಸೊಂಟಕ್ಕೆ ಬದಲಾಯಿತು.
ಹೇಳಬಾರದು ಎಂದವರೆಲ್ಲ ಎಂದೋ ಸತ್ತಿದ್ದರು.
ಬಹಳ ಹೊತ್ತಿನ ಮೇಲೆ, ನೀರನ್ನೇ ನೋಡುತ್ತ:

"ತುಂಬಿದ ಕೊಡದಾಗೆ ಚಂದ್ರನ ಚೂರು,
ಸಣ್ಣೀರಪ್ಪರ ಬಿಟ್ಟು ನನಗಿನ್ಯಾರು."

ಇಷ್ಟು ಹೇಳಿ ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು.
ಹಾಗಾದರೆ ತೀರಿತಲ್ಲ, ಅಂದರೆ, ಉಹುಂ ಅನ್ನುವಳು,
ಮೇಲಿನ ಹಿಡಿ?

ಕಡತವನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಸೂರವ್ವ ಎಂಬುದು ಸ್ಪಷ್ಟ.
ಒಡಪು ಎಂಬಲ್ಲಿ ಬಳಪ ಕದಡಿದೆ.
ಯಾರೋ ಒರೆಸಲು ಹೊರಟು
ಹೆಬ್ಬೆರಳನ್ನು ಒತ್ತಿ
ಅಲ್ಲೇ ನಿಲ್ಲಿಸಿದ ಗುರುತು,
ಚಿಕ್ಕದು, ಹೆಂಗಸಿನದು,
ಸುತ್ತು ಸುತ್ತು ಗೆರೆಗಳ ಸಮೇತ.